ಅನೌನ್ಸ್‌ಮೆಂಟ್ ಕೋಣೆಯ ಪಾಸ್‌ವರ್ಡ್

ಮಾರ್ಚ್ ೪

ನನ್ನ ಪ್ರೀತಿಯ ತಂಗಿಗೆ, ಅಮ್ಮನ ಪಟಾಕಿಗೆ, ಅಕ್ಕನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಕೋಪ ಮಾಡಿಕೊಂಡಿದ್ದೀಯೆ ಅಂತ ಗೊತ್ತು. ಇವತ್ತು ಬರೆಯೋಣ, ನಾಳೆ ಬರೆಯೋಣ ಅಂದುಕೊಳ್ಳುತ್ತಲೇ ಫೆಬ್ರವರಿ ಮುಗಿದುಹೋಯಿತು. ಆ ತಿಂಗಳೇ ಗಿಡ್ಡ, ತಪ್ಪು ನನ್ನೊಬ್ಬಳದಲ್ಲ. ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಭಾವನ ಮಂಡಿನೋವು ಇದ್ದ ಹಾಗೇ ಇದೆ, ಕಿವಿ ಮಾತ್ರ ಇನ್ನಷ್ಟು ಮಂದವಾಗಿದೆ. ಆಯುಷ್ಯವೆಲ್ಲ ಬಸ್ಸಿನ ಹಾರನ್ ಹೊಡೆದವರು, ಈಗ ಕುಕ್ಕರ್ ಕೂಗಿದರೆ "ಬಂದೆ ಬಂದೆ" ಅಂತ ಬಾಗಿಲು ತೆಗೆಯಲು ಹೋಗುತ್ತಾರೆ. ನಿನ್ನ ಗಂಡ ಮೇಷ್ಟ್ರು ಹೇಗಿದ್ದಾರೆ? ನೀನು ಬರೆದು ಕೊಡುವ ಚೀಟಿಗಳಲ್ಲಿ ಈಗಲೂ ಕಾಗುಣಿತ ತಿದ್ದುತ್ತಾರಾ?

ಫೋನಿನಲ್ಲೇ ಬರೆದು ಕಳಿಸಬಹುದಲ್ಲ ಅಂತ ಅವರು ಕೇಳುತ್ತಾರಂತೆ. ಅವರಿಗೆ ಹೇಳು, ಫೋನಿನಲ್ಲಿ ನೀನು "ಸರಿ ಅಕ್ಕ", "ಆಯ್ತು ಅಕ್ಕ" ಎಂದು ಎರಡು ಮಾತು ಒಗೆದು ಕೈತೊಳೆದುಕೊಳ್ಳುತ್ತೀಯೆ. ಪೆನ್ನು ಹಿಡಿದರೆ ಮಾತ್ರ ನಾಲ್ಕು ಪುಟ ಬೈಗುಳ ಬರುತ್ತದೆ. ನಿನ್ನ ಗಂಟಲಿನ ಆಪರೇಷನ್ ಆಗಿ ದನಿ ಹೋದ ಮೇಲೆ ನಾವು ಕಾಗದಕ್ಕೆ ಇಳಿದದ್ದು ಆ ಮಟ್ಟಿಗೆ ಒಳ್ಳೆಯದೇ ಆಯಿತು.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ನಮ್ಮ ತಂತಿಯಣ್ಣ ತಳ್ಳುಗಾಡಿಯಲ್ಲಿ ಒಂದು ಕಂಪ್ಯೂಟರ್ ಹೇರಿಕೊಂಡು ನನ್ನ ಕೋಣೆಯ ಮುಂದೆ ಬಂದು ನಿಂತ. ಬಸ್ ನಿಲ್ದಾಣದ ವೈರು, ಸ್ವಿಚ್ಚು, ಸ್ಪೀಕರು ನೋಡಿಕೊಳ್ಳುವವನಿಗೆ ಆ ಹೆಸರಿಟ್ಟವಳು ನೀನೇ. ಈಗ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆ.

"ಮೇಡಂ, ಗುಜರಿಯವನು ಬರೋವರೆಗೂ ಇದನ್ನ ನಿಮ್ಮ ಹತ್ರ ಇಡಬೇಕಂತೆ, ದೊಡ್ಡವರು ಹೇಳಿದ್ರು," ಅಂದ.

"ಕಳೆದುಹೋದ ಸಾಮಾನಿನ ಕೋಣೆ ಅಂದ್ರೆ ಹಾಳು ಸಾಮಾನಿನ ಕೋಣೆ ಅಂದುಕೊಂಡಿದಾರಾ ನಿಮ್ಮ ದೊಡ್ಡವರು? ಇಲ್ಲಿ ಛತ್ರಿಗಳಿಗೇ ಜಾಗ ಇಲ್ಲ. ಹಿಂದಿನ ವಾರ ಯಾರೋ ಹಲ್ಲಿನ ಸೆಟ್ಟು ಬಿಟ್ಟು ಹೋಗಿದಾರೆ, ಅದನ್ನ ಟಿಫಿನ್ ಡಬ್ಬಿಗಳ ಪಕ್ಕ ಇಡೋ ಹಾಗೂ ಇಲ್ಲ," ಅಂದೆ.

ಅಷ್ಟು ಹೇಳಿದ ಮೇಲೆ ನೋಡಿದೆ, ಪರದೆಯ ಮೂಲೆಯಲ್ಲಿ ಹಳದಿ ಮೀನಿನ ಸ್ಟಿಕ್ಕರ್. ನೀನು ಅಂಟಿಸಿದ್ದು. ನಿನ್ನ ಅನೌನ್ಸ್‌ಮೆಂಟ್ ಕೋಣೆಯ ಕಂಪ್ಯೂಟರ್. ಛತ್ರಿಗಳನ್ನು ಸರಿಸಿ ಜಾಗ ಮಾಡಿದೆ.

ಕಳೆದ ಬೇಸಿಗೆಯಲ್ಲಿ ಹೊಸ ಯಂತ್ರ ತಂದ ಮೇಲೆ ಆ ಕೋಣೆಗೆ ಮನುಷ್ಯರೇ ಬೇಡವಾಗಿದೆ. ಯಾರೋ ಕಾಣದ ಹೆಂಗಸಿನ ದನಿ ಎಲ್ಲ ಬಸ್ಸನ್ನೂ ಒಂದೇ ರಾಗದಲ್ಲಿ ಕರೆಯುತ್ತದೆ. ಬಸ್ಸು ಬಂದರೂ ಸಂತೋಷವಿಲ್ಲ, ತಡವಾದರೂ ನಾಚಿಕೆಯಿಲ್ಲ. ನೀನು ಮೈಕಿನ ಮುಂದೆ ಕೂತ ಕಾಲದಲ್ಲಿ ಹಾಗಿತ್ತಾ? "ಬೆಟ್ಟದ ಕಡೆ ಹೊರಟವರು ಸ್ವೆಟರ್ ತಂದಿದ್ದೀರಾ ನೋಡಿಕೊಳ್ಳಿ" ಅಂದುಬಿಡುತ್ತಿದ್ದೆ. ದೊಡ್ಡವರು ಮೆಮೊ ಕೊಟ್ಟರೆ, ಮರುದಿನ ಅದೇ ದೊಡ್ಡವರ ಅತ್ತೆ ಸ್ವೆಟರ್ ಮರೆತು ಬಂದು ಪ್ಲಾಟ್‌ಫಾರ್ಮಿನಲ್ಲಿ ನಡುಗುತ್ತ ನಿಂತಿದ್ದರು. ಆಮೇಲೆ ಯಾವ ಮೆಮೊನೂ ಇಲ್ಲ, ಏನೂ ಇಲ್ಲ.

ತಂತಿಯಣ್ಣ ಸುಮ್ಮನೆ ಇರದೆ ಪ್ಲಗ್ ಹಾಕಿದ. ಸತ್ತಿದೆ ಅಂದುಕೊಂಡಿದ್ದ ಯಂತ್ರ ಗೊರಗೊರ ಎಂದು ಎದ್ದು ಕೂತಿತು. ಬ್ರೌಸರ್ ತೆರೆದರೆ, ಇಂಟರ್ನೆಟ್ಟಿನಲ್ಲಿ ರೆಕಾರ್ಡಿಂಗ್‌ಗಳನ್ನು ಇಟ್ಟುಕೊಳ್ಳುವ ಆ ವೆಬ್‌ಸೈಟೇ ಮೊದಲು ಬಂತು. ನೆನಪಿದೆಯಾ, ಎಲ್ಲ ಅನೌನ್ಸ್‌ಮೆಂಟನ್ನೂ ರೆಕಾರ್ಡ್ ಮಾಡಿ ಇಡಬೇಕು ಅಂತ ಆಫೀಸಿನಿಂದ ಹುಕುಂ ಬಂದ ವರ್ಷ? ಸದ್ದಾಗುತ್ತದೆ ಅಂತ ಫ್ಯಾನ್ ಆರಿಸಿ, ಕಿಟಕಿಗೆ ಕಂಬಳಿ ಕಟ್ಟಿ, ನಾವಿಬ್ಬರೂ ಒಳಗೆ ಬೆಂದುಹೋದೆವು. ನೀನು ಊರಿನ ಹೆಸರುಗಳನ್ನು ಒಂದೊಂದಾಗಿ ಹೇಳುವುದು, ನಾನು ಕೈಯೆತ್ತಿ ಸನ್ನೆ ಮಾಡುವುದು. ಹೊರಗೆ ಕಡಲೆಕಾಯಿಯವನು ಕೂಗಿದರೆ ಮತ್ತೆ ಮೊದಲಿಂದ. ನನಗೆ ನಗು ಬಂದರೆ ನಿನಗೂ ಬರುತ್ತಿತ್ತು, ಒಂದು ಸಲ ಬಂದರೆ ಆ ಊರಿನ ಹೆಸರು ಕೆಟ್ಟಂತೆಯೇ. ಆಫೀಸಿನವರು ತಮಗೆ ಬೇಕಾದ ತುಂಡುಗಳನ್ನು ಕತ್ತರಿಸಿಕೊಂಡರು. ಕತ್ತರಿಸದ ಪೂರ್ತಿ ರೆಕಾರ್ಡಿಂಗನ್ನು ನೀನು ಈ ವೆಬ್‌ಸೈಟಿಗೆ ಹಾಕಿದ್ದೆ.

ಅದರ ತಲೆಯ ಮೇಲೆ ಈಗ ಕೆಂಪು ಪಟ್ಟಿ: "ಈ ತಿಂಗಳ ಕೊನೆಗೆ ನಮ್ಮ ಸೇವೆ ನಿಲ್ಲುತ್ತದೆ. ನಿಮ್ಮ ಕಡತಗಳನ್ನು ಇಳಿಸಿಕೊಳ್ಳಿ. ಆಮೇಲೆ ಎಲ್ಲವನ್ನೂ ಅಳಿಸಲಾಗುವುದು." ಆಫೀಸಿನವರು ಕತ್ತರಿಸಿಕೊಂಡಿದ್ದ ತುಂಡುಗಳು ಎಲ್ಲಿ ಅಂತ ಕೇಳಿದೆ. ಹೊಸ ಯಂತ್ರ ಕೂರಿಸುವಾಗ ಅವನ್ನು ಒರೆಸಿಹಾಕಿದರಂತೆ. ಅಂದರೆ ನಿನ್ನ ದನಿ ಉಳಿದಿರುವುದು ಅಲ್ಲಿ ಮಾತ್ರ.

ಹೆಸರಿನ ಜಾಗದಲ್ಲಿ ನಿನ್ನ ಹೆಸರು ತಾನೇ ತುಂಬಿಕೊಂಡಿತ್ತು, ಪಾಸ್‌ವರ್ಡಿನ ಜಾಗದಲ್ಲಿ ಸಾಲಾಗಿ ಕಪ್ಪು ಚುಕ್ಕಿಗಳು. ಒತ್ತಿದರೆ, "ನಿಮ್ಮ ಬ್ರೌಸರ್ ತುಂಬ ಹಳೆಯದು, ಹೊಸದರಲ್ಲಿ ಬನ್ನಿ" ಎಂದಿತು. ದೇವರು ಕೊಟ್ಟರೂ ಪೂಜಾರಿ ಕೊಡ ಅಂದ ಹಾಗಾಯಿತು. ಹೊಸ ಕಂಪ್ಯೂಟರಿನಲ್ಲಿ ತೆರೆಯೋಣ ಎಂದರೆ ಪಾಸ್‌ವರ್ಡನ್ನು ಟೈಪ್ ಮಾಡಬೇಕು. "ಮರೆತಿದ್ದೀರಾ?" ಎಂಬುದನ್ನು ಒತ್ತಿದರೆ ನಿಲ್ದಾಣದ ಹಳೆಯ ಇಮೇಲಿಗೆ ಉತ್ತರ ಕಳಿಸುತ್ತದಂತೆ, ಆ ಇಮೇಲ್ ಸತ್ತು ಯಾವುದೋ ಕಾಲವಾಯಿತು.

ಹಾಗಾಗಿ ತಂಗಿ, ಈ ಕಾಗದ ಕಂಡ ತಕ್ಷಣ ಪಾಸ್‌ವರ್ಡ್ ಬರೆದು ಕಳಿಸು. ನಿನ್ನ ಮಾತಿನ ಡಾಕ್ಟರಮ್ಮ ಮೇಷ್ಟ್ರಿಗೆ ಹೇಳಿದ್ದನ್ನು ನಾನೂ ಕೇಳಿದ್ದೇನೆ. ಹಳೆಯ ರೆಕಾರ್ಡಿಂಗ್ ಸಿಕ್ಕರೆ, ನೀನು ಟೈಪ್ ಮಾಡಿದ್ದನ್ನು ನಿನ್ನ ದನಿಯಲ್ಲೇ ಹೇಳುವ ಯಂತ್ರ ಮಾಡಿಸಬಹುದಂತಲ್ಲ. ಮೇಷ್ಟ್ರನ್ನು ಮತ್ತೆ ಬಾಯಿ ತುಂಬ ಬೈಯಬಹುದು, ಯೋಚಿಸು.

ಆರೋಗ್ಯ ನೋಡಿಕೋ. ಗಂಟಲಿಗೆ ಬಟ್ಟೆ ಸುತ್ತಿಕೊಳ್ಳದೆ ಹೊರಗೆ ಹೋಗಬೇಡ.

ನಿನ್ನ ಅಕ್ಕ


ಮಾರ್ಚ್ ೧೫

ಪ್ರೀತಿಯ ಪಟಾಕಿಗೆ,

ನಿನ್ನ ಕಾಗದ ಬಂತು. ಎದುರುಮನೆಯ ನಾಯಿಗೆ ಆರು ಮರಿಗಳಾದದ್ದಕ್ಕೆ ಒಂದೂವರೆ ಪುಟ, ಮೇಷ್ಟ್ರು ಚಪ್ಪಲಿ ಅದಲುಬದಲು ಮಾಡಿಕೊಂಡು ಬಂದದ್ದಕ್ಕೆ ಒಂದು ಪುಟ, ನಾನು ಕೇಳಿದ್ದಕ್ಕೆ ಅರ್ಧ ಸಾಲು: "ಪಾಸ್‌ವರ್ಡ್ ನೆನಪಿಲ್ಲ ಅಕ್ಕ, ಹೋಗಲಿ ಬಿಡು."

ಹೋಗಲಿ ಬಿಡು ಎನ್ನಲು ಅದೇನು ಹರಿದ ಚೀಲವೇ? ಇದನ್ನು ಓದಿ ನಾನು ಅಡುಗೆಮನೆಯಲ್ಲೇ ಕೂಗಾಡಿದೆ. ನಿಮ್ಮ ಭಾವನಿಗೆ ಕೂಡ ಕೇಳಿಸಿತು ಅಂದರೆ ಎಷ್ಟು ಕೂಗಿರಬೇಕು ನೋಡು.

"ಅವಳಿಗೆ ಬೇಡ ಅಂದ್ರೆ ನಿಂಗ್ಯಾಕೆ?" ಅಂದರು.

"ಬೇಡ ಅಂದಿಲ್ಲ, ಮರೆತಿದೀನಿ ಅಂದಿದಾಳೆ."

"ಎರಡೂ ಒಂದೇ ಅಲ್ವಾ?"

"ನಿಮಗೆ ಬೇಡದ್ದು ಕೇಳಿಸೋದು ಮಾತ್ರ ಚೆನ್ನಾಗಿ ಕೇಳಿಸುತ್ತೆ, ಹೋಗಿ," ಅಂದೆ. ಅವರು ಎದ್ದು ಗಿಡಕ್ಕೆ ನೀರು ಹಾಕಲು ಹೋದರು.

ಮರುದಿನ ತಂತಿಯಣ್ಣನನ್ನು ಹಿಡಿದೆ. ಅವನು ನನ್ನ ಮುಖ ನೋಡಿ ನಕ್ಕ. "ಮೇಡಂ, ಚುಕ್ಕಿ ಕಾಣ್ತಾ ಇದೆ ಅಂದ್ರೆ ಪಾಸ್‌ವರ್ಡ್ ಒಳಗೇ ಇದೆ ಅಂತ. ಬ್ರೌಸರ್ ನೆನಪಿಟ್ಟುಕೊಂಡಿದೆ. ಕೇಳಿದ್ರೆ ತೋರಿಸುತ್ತೆ." ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದವಳು ನಾನೇ ಅಂತಾಯಿತು.

ನಿನಗೂ ತಿಳಿದಿರಲಿ ಅಂತ ಬರೆಯುತ್ತೇನೆ, ಮೇಷ್ಟ್ರಿಗೂ ಉಪಯೋಗಕ್ಕೆ ಬರುತ್ತದೆ, ಅವರು ಎಲ್ಲವನ್ನೂ ಮರೆಯುತ್ತಾರೆ. ಬ್ರೌಸರಿನ ಬಲತುದಿಯಲ್ಲಿ ಒಂದರ ಕೆಳಗೊಂದು ಮೂರು ಚುಕ್ಕಿಗಳಿರುತ್ತವೆ. ಅದನ್ನು ಒತ್ತಿದರೆ ಒಂದು ಉದ್ದನೆಯ ಪಟ್ಟಿ ಇಳಿಯುತ್ತದೆ. ಅದರಲ್ಲಿ ಸೆಟ್ಟಿಂಗ್ಸ್, ಸೆಟ್ಟಿಂಗ್ಸ್ ಒಳಗೆ ಪಾಸ್‌ವರ್ಡ್‌ಗಳು. ಅಲ್ಲಿ ಹೋದರೆ, ಯಾವ ಯಾವ ವೆಬ್‌ಸೈಟಿಗೆ ಯಾರ ಯಾರ ಹೆಸರಲ್ಲಿ ನೆನಪಿಟ್ಟುಕೊಂಡಿದೆ ಎಂಬುದೆಲ್ಲ ಸಾಲಾಗಿ ಕಾಣುತ್ತದೆ. ಪ್ರತಿಯೊಂದರ ಮುಂದೆಯೂ ಚುಕ್ಕಿಗಳು, ಚುಕ್ಕಿಗಳ ಪಕ್ಕದಲ್ಲಿ ಒಂದು ಪುಟ್ಟ ಕಣ್ಣಿನ ಚಿತ್ರ. ಕಣ್ಣನ್ನು ಒತ್ತಿದರೆ ಚುಕ್ಕಿಗಳು ಹೋಗಿ ಅಕ್ಷರಗಳು ಬರುತ್ತವೆ.

ಅಯ್ಯೋ, ಆ ಸಾಲುಗಳನ್ನು ನೀನು ನೋಡಬೇಕಿತ್ತು! ಆ ಕೋಣೆಯಲ್ಲಿ ಕೂತವರೆಲ್ಲ ಅಲ್ಲಿದ್ದರು. "ನೆನಪಿಟ್ಟುಕೊಳ್ಳಲೇ?" ಎಂದು ಅದು ಕೇಳಿದಾಗೆಲ್ಲ ಯಾರೂ ಓದದೆ ಹೂಂ ಅಂದಿದ್ದಾರೆ. ರಾತ್ರಿ ಪಾಳಿಯ ಮುದುಕ, ಯಾವಾಗಲೂ ಆಕಳಿಸುತ್ತಿದ್ದನಲ್ಲ, ಅವನು ಚದುರಂಗ ಆಡುವ ವೆಬ್‌ಸೈಟಿನಲ್ಲಿ "ಮಹಾರಾಜ" ಅಂತ ಹೆಸರಿಟ್ಟುಕೊಂಡಿದ್ದ. ನೀನು ರಜೆ ಹಾಕಿದಾಗ ಬರುತ್ತಿದ್ದ ಗುಬ್ಬಿ, ಮದುವೆಗೆ ಗಂಡು ಹುಡುಕುವ ಮೂರು ವೆಬ್‌ಸೈಟಿನಲ್ಲಿದ್ದಾಳೆ. ಕೊನೆಗೆ ಮದುವೆಯಾದದ್ದು ಎದುರು ಪ್ಲಾಟ್‌ಫಾರ್ಮಿನ ಕಂಡಕ್ಟರನನ್ನು. ಸ್ವೆಟರ್ ಹೆಣೆಯುವ ಮಾದರಿಗಳ ವೆಬ್‌ಸೈಟಿನಲ್ಲಿ ನೀನಿದ್ದೆ. ಹವಾಮಾನದ್ದರಲ್ಲಿ ನೀನಿದ್ದೆ. ನನ್ನ ಹೆಸರಲ್ಲೂ ಒಂದು ಸಾಲಿತ್ತು, ನಾನು ಪಾಸಾಗದ ಆ ಇಲಾಖಾ ಪರೀಕ್ಷೆಯದು. ನೀನೇ ಅರ್ಜಿ ತುಂಬಿದ್ದು, "ಅಕ್ಕ ಆಫೀಸರ್ ಆದರೆ ನಾನು ಮೈಕಿನಲ್ಲಿ ಸಲಾಂ ಹೊಡೀತೀನಿ" ಅಂದಿದ್ದೆ. ಅಷ್ಟು ಹೊತ್ತೂ ನಾನು ಪರದೆಯ ಮುಂದೆ ಕೂತಿರಲೇ ಇಲ್ಲ, ಆ ಕೋಣೆಯಲ್ಲೇ ಇದ್ದೆ. ಟೀ ಆರುತ್ತಿತ್ತು, ನೀನು ಮೈಕಿನ ಗುಂಡಿ ಬಿಟ್ಟು ನನ್ನ ಕಡೆ ತಿರುಗಿ ಕಣ್ಣು ಹೊಡೆಯುತ್ತಿದ್ದೆ.

ತಂತಿಯಣ್ಣ "ಒಂದೊಂದೇ ಕಣ್ಣು ಒತ್ತಿ ನೋಡೋಣ ಮೇಡಂ, ಮಜಾ ಇರುತ್ತೆ" ಅಂದ. ಕೈಗೆ ಒಂದೇಟು ಕೊಟ್ಟೆ. ನನ್ನ ಕೋಣೆಯ ಪದ್ಧತಿ ನಿನಗೆ ಗೊತ್ತಲ್ಲ. ಯಾರದೋ ಚೀಲದ ಜಿಪ್ಪನ್ನು ನಾನು ಎಳೆಯುವುದಿಲ್ಲ. ಬಂದವರು ಗುರುತು ಹೇಳಬೇಕು, ಅವರೇ ತೆರೆಯಬೇಕು, ಆಗ ನಾನು ಗೋಡೆಯ ಕಡೆ ತಿರುಗಿ ನಿಲ್ಲಬೇಕು. ಹೆಚ್ಚೆಂದರೆ ನಿನ್ನದೊಂದನ್ನು ನೋಡಬಹುದು, ನೀನು ನನ್ನ ತಂಗಿ, ನಿನ್ನ ಫ್ರಾಕಿನ ಗುಂಡಿ ಹಾಕಿದವಳು ನಾನು ಎಂದು ನನಗೆ ನಾನೇ ಹೇಳಿಕೊಂಡು ಕಣ್ಣನ್ನು ಒತ್ತಿದೆ.

ತಕ್ಷಣ ಒಂದು ಚೌಕ ಎದ್ದು ನಿಂತಿತು. ಕಂಪ್ಯೂಟರಿನ ಪಾಸ್‌ವರ್ಡ್ ಹೇಳಿ, ಆಮೇಲೆ ತೋರಿಸುತ್ತೇನೆ ಅಂತ. ಯಂತ್ರವೂ ನನ್ನ ಹಾಗೆಯೇ, ಗುರುತು ಕೇಳುತ್ತದೆ! ಮೊದಲ ಸಲ ಅದರ ಮೇಲೆ ಗೌರವ ಬಂತು, ಹಿಂದೆಯೇ ಸಿಟ್ಟೂ ಬಂತು. ಯಂತ್ರವನ್ನು ಆರಿಸಿ ಹಚ್ಚುವಾಗ ಅದು ಕೇಳಿರಲಿಲ್ಲ, ಇಲ್ಲಿ ಮಾತ್ರ ಕೇಳುತ್ತದೆ.

ಪರದೆ ಆರಿ ಮತ್ತೆ ಎದ್ದಾಗೆಲ್ಲ ಆ ಪಾಸ್‌ವರ್ಡ್ ಹೊಡೆಯಬೇಕಿತ್ತಂತೆ, ಗುಬ್ಬಿಗೆ ಗೊತ್ತಿರುತ್ತದೆ ಅಂತ ತಂತಿಯಣ್ಣ ಹೇಳಿದ. ಅವಳೀಗ ಟಿಕೆಟ್ ಕೌಂಟರಿನಲ್ಲಿದ್ದಾಳೆ. ಜಾಲರಿಯ ಆಚೆಯಿಂದ ಕೇಳಿದೆ. ಗುಬ್ಬಿ ಕಣ್ಣು ಮೇಲೆ ಮಾಡಿ, ತುಟಿ ಅಲ್ಲಾಡಿಸಿ, ಕೊನೆಗೆ "ಗೊತ್ತು, ಆದ್ರೆ ಗೊತ್ತಿಲ್ಲ ಮೇಡಂ" ಅಂದಳು.

"ಏನು ಹಾಗಂದ್ರೆ?"

"ಯಾವ ಅಕ್ಷರ ಅಂತ ಗೊತ್ತಿಲ್ಲ. ಆ ಕೀಬೋರ್ಡಿನಲ್ಲಿ ಅಕ್ಷರ ಎಲ್ಲಾ ಅಳಿಸಿಹೋಗಿತ್ತಲ್ಲ. ಹೀಗೆ ಹೀಗೆ ಅಂತ ಬೆರಳು ತೋರಿಸಿ ಕಲಿಸಿದ್ರು ನಿಮ್ಮ ತಂಗಿ. ಬೆರಳಿಗೆ ಗೊತ್ತು, ನಂಗೆ ಗೊತ್ತಿಲ್ಲ."

ಕೇಳಿದೆಯಾ ನಿನ್ನ ಪ್ರತಾಪ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಕೀಬೋರ್ಡು ಕಂಪ್ಯೂಟರಿನ ಜೊತೆ ಬಂದಿಲ್ಲ, ತಂತಿಯಣ್ಣ ಹುಡುಕುತ್ತಿದ್ದಾನೆ. ಅಷ್ಟರೊಳಗೆ ನಿನಗೆ ನೆನಪಾದರೆ ಫೋನಿಗಾದರೂ ಕಳಿಸು. ತಿಂಗಳು ಓಡುತ್ತಿದೆ.

ನಾಯಿಮರಿಗಳಲ್ಲಿ ಒಂದನ್ನು ಮನೆಗೆ ತರುವ ಯೋಚನೆ ಮಾಡಿದರೆ ಕಂದುಬಣ್ಣದ್ದನ್ನು ತಾ. ಮೇಷ್ಟ್ರನ್ನು ಕೇಳಿದೆ ಅಂತ ಹೇಳು.

ನಿನ್ನ ಅಕ್ಕ


ಮಾರ್ಚ್ ೨೪

ಪ್ರೀತಿಯ ತಂಗಿಗೆ,

ಈ ಸಲ ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಬರಲಿಲ್ಲ ಎಂಬುದೂ ಒಂದು ಉತ್ತರವೇ ಅಂತ ಈಗ ಅರ್ಥವಾಗಿದೆ. ಅದನ್ನು ಆಮೇಲೆ ಹೇಳುತ್ತೇನೆ, ಮೊದಲು ಗುಬ್ಬಿಯ ಕಥೆ ಕೇಳು.

ಹಳೆಯ ಕೀಬೋರ್ಡು ಸಿಕ್ಕಿತು. ಎಲ್ಲಿ ಗೊತ್ತಾ? ಕ್ಯಾಂಟೀನಿನವನು ಒಲೆಯ ಪಕ್ಕದ ಅಲುಗಾಡುವ ಮೇಜಿನ ಕಾಲಿನಡಿ ಇಟ್ಟಿದ್ದ. ತಂತಿಯಣ್ಣ ಅದನ್ನು ಬಿಡಿಸಿ, ಎಣ್ಣೆ ಒರೆಸಿ ತಂದ. ಗುಬ್ಬಿ ಊಟದ ಹೊತ್ತಿನಲ್ಲಿ ಬಂದು, ಕೈ ಒರೆಸಿಕೊಂಡು, ವೈದ್ಯರ ಮುಂದೆ ಕೂತ ಹಾಗೆ ಕೂತಳು. ಬೆರಳು ಇಟ್ಟಳು. ತಪ್ಪು. ಮತ್ತೆ ಇಟ್ಟಳು. ತಪ್ಪು.

"ಇಲ್ಲ ಮೇಡಂ, ಬರ್ತಿಲ್ಲ. ನೀವೆಲ್ಲ ನೋಡ್ತಿದೀರ ಅದಕ್ಕೇ," ಅಂದಳು.

ನಾನೂ ತಂತಿಯಣ್ಣನೂ ಗೋಡೆಯ ಕಡೆ ತಿರುಗಿದೆವು. ಆಗಲೂ ತಪ್ಪು. ಪಾಪ, ಅಳುವ ಹಾಗಾದಳು. ಆಮೇಲೆ ಅವಳೇ ಬಲಗೈಯನ್ನು ಗಾಳಿಯಲ್ಲಿ ಹಿಡಿದು ನೋಡಿಕೊಂಡಳು. "ಈ ಕೈ ಖಾಲಿ ಇದೆ! ಈ ಕೈಲಿ ಮೈಕ್ ಇರ್ತಿತ್ತು. ಪಾಸ್‌ವರ್ಡ್ ಹೊಡೀತಿದ್ದದ್ದು ಎಡಗೈಯಲ್ಲಿ!" ನನ್ನ ಕೋಣೆಯಲ್ಲಿ ಮೈಕ್ ಎಲ್ಲಿಂದ ತರಲಿ? ಒಂದು ಛತ್ರಿ ತೆಗೆದು ಕೊಟ್ಟೆ. ಅದರ ಹಿಡಿಯನ್ನು ಬಾಯಿಯ ಹತ್ತಿರ ಹಿಡಿದು ಗುಬ್ಬಿ ಬೆನ್ನು ನೆಟ್ಟಗೆ ಮಾಡಿಕೊಂಡು, "ಪ್ರಯಾಣಿಕರ ಗಮನಕ್ಕೆ" ಅಂದಳು. ಎಡಗೈ ತನ್ನ ಪಾಡಿಗೆ ತಾನು ಟಕಟಕ ಎಂದು ಓಡಿತು. ಚೌಕ ಮಾಯವಾಯಿತು.

ಮೂವರೂ ಕುಣಿದಾಡಿದೆವು. ಛತ್ರಿಯ ವಾರಸುದಾರ ಆ ಹೊತ್ತಿಗೆ ಬಂದಿದ್ದರೆ ನನ್ನ ಮರ್ಯಾದೆ ಮೂರು ಕಾಸಿಗೆ ಹರಾಜಾಗುತ್ತಿತ್ತು. ತಂತಿಯಣ್ಣ ಮೊದಲು ತನ್ನದನ್ನೇ ತೆರೆದು ನೋಡಿದ. ಅವನೂ ಅಲ್ಲಿ ಎಂದೋ ಲಾಟರಿ ಫಲಿತಾಂಶ ನೋಡಿದ್ದನಂತೆ. ಪಾಸ್‌ವರ್ಡ್ "ದೊಡ್ಡವರಗೊರಕೆ", ಕೊನೆಗೆ ಒಂದು ಎರಡು ಮೂರು. ಅವನು ನಾಲಿಗೆ ಕಚ್ಚಿಕೊಂಡು ಅಳಿಸಿದ. ಗುಬ್ಬಿ ತನ್ನ ಮೂರು ಗಂಡು ಹುಡುಕುವ ವೆಬ್‌ಸೈಟುಗಳನ್ನೂ ಅಳಿಸಿದಳು. ನಾನು ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿ, ನಿನ್ನ ಸಾಲಿನ ಪಕ್ಕದ ಕಣ್ಣನ್ನು ಒತ್ತಿದೆ.

ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ, ಹೀಗಿತ್ತು: ಟ್ಯಾಂಕಿನಹಿಂದೆನೀಲಿಬಾಗಿಲುಅಕ್ಕಬರ್ತಾಳೆ.

ನಾನು ಎಷ್ಟು ಹೊತ್ತು ಅದರ ಮುಂದೆ ಕೂತಿದ್ದೆನೋ. ಸಂತೆಯಲ್ಲಿ ನೀನು ಕೈ ತಪ್ಪಿಹೋದ ಮೇಲೆ ಅಮ್ಮ ನಿನಗೆ ಬಾಯಿಪಾಠ ಮಾಡಿಸಿದಳಲ್ಲ, "ಕಳೆದುಹೋದ್ರೆ ಅಳಬಾರ್ದು, ನಿಂತ ಕಡೆ ನಿಂತು ಇದನ್ನ ಹೇಳಬೇಕು: ನೀರಿನ ಟ್ಯಾಂಕಿನ ಹಿಂದೆ, ನೀಲಿ ಬಾಗಿಲು." ಅಷ್ಟೇ ಅಮ್ಮ ಹೇಳಿಕೊಟ್ಟದ್ದು. ಕೊನೆಯ ಎರಡು ಪದ ನೀನೇ ಸೇರಿಸಿಕೊಂಡದ್ದು. ಅಮ್ಮ ಎಷ್ಟು ತಿದ್ದಿದರೂ ಬಿಡಲಿಲ್ಲ. ಸ್ನಾನ ಮಾಡುವಾಗ, ಜಡೆ ಹಾಕಿಸಿಕೊಳ್ಳುವಾಗ, ಯಾರೂ ಕೇಳದಿದ್ದರೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದೆ. ಆ ಬೀದಿ ಬಿಟ್ಟು ಬಂದ ದಿನ ಲಾರಿಯ ಹಿಂದೆ ಕೂತು ಅದನ್ನೇ ಹೇಳಿಕೊಂಡು ಅತ್ತಿದ್ದೆ, ಇನ್ನು ಕಳೆದುಹೋದರೆ ಏನು ಹೇಳಲಿ ಅಂತ. ನನಗೆ ಆ ನೀಲಿ ಬಣ್ಣ ಕಣ್ಣಿಗೆ ಕಟ್ಟಿದ ಹಾಗಿದೆ. ಅಪ್ಪ ಬಳಿಯುವಾಗ ಅರ್ಧಕ್ಕೆ ಬಣ್ಣ ಮುಗಿದು, ಕೆಳಗಿನ ಭಾಗ ಬೇರೆ ನೀಲಿ ಆಗಿತ್ತು.

ಕೂತಲ್ಲೇ ಇನ್ನೊಂದು ವಿಷಯ ಹೊಳೆಯಿತು. ಇದನ್ನು ನೀನು ಮರೆಯಲು ಸಾಧ್ಯವಿಲ್ಲ. ನಿನ್ನ ಹೆಸರು ಮರೆತರೂ ಇದನ್ನು ಮರೆಯಲಾರೆ.

ನನಗೆ ಕೋಪ ಬರಬೇಕಿತ್ತು, ಬರಲಿಲ್ಲ. ಆಪರೇಷನ್ ಆಗಿ ನೀನು ಕೆಲಸದ ಕಾಗದಪತ್ರಕ್ಕೆ ಸಹಿ ಹಾಕಲು ನಿಲ್ದಾಣಕ್ಕೆ ಬಂದ ದಿನ ನೆನಪಾಯಿತು. ನಾನು ಟೀ ತರಿಸಿದ್ದೆ. ಅಷ್ಟರಲ್ಲಿ ಸ್ಪೀಕರಿನಲ್ಲಿ ನಿನ್ನದೇ ದನಿ, ಕಡಲ ಕಡೆಯ ಬಸ್ಸು ಹೊರಡುತ್ತದೆ ಅಂತ ಕರೆಯಿತು. ಆಗಿನ್ನೂ ನಿನ್ನ ರೆಕಾರ್ಡಿಂಗೇ ಓಡುತ್ತಿತ್ತು. ನೀನು ಕುತ್ತಿಗೆಯ ಬಟ್ಟೆಯನ್ನು ಹಿಡಿದುಕೊಂಡು ಸ್ಪೀಕರನ್ನೇ ನೋಡುತ್ತ ನಿಂತೆ. ಪಕ್ಕದಲ್ಲಿ ಒಬ್ಬ ಅಜ್ಜಿ "ಎಷ್ಟು ಚಂದ ಹೇಳ್ತಾಳಲ್ಲ" ಅಂದಳು. ನೀನು ಟೀ ಮುಟ್ಟದೆ ಹೊರಟುಹೋದೆ. ಅವತ್ತಿನಿಂದ ನಿಲ್ದಾಣಕ್ಕೆ ಕಾಲಿಟ್ಟಿಲ್ಲ. ಮೇಷ್ಟ್ರು ಎಲ್ಲಿಗೆ ಕರೆದರೂ ರೈಲಿನಲ್ಲೇ ಹೋಗುತ್ತೀಯಂತೆ. ಇಷ್ಟು ಕಂಡೂ ಮೂರು ವಾರದಿಂದ ನಾನು ಪಾಸ್‌ವರ್ಡ್ ಪಾಸ್‌ವರ್ಡ್ ಅಂತ ನಿನ್ನ ಜೀವ ತಿಂದಿದ್ದೇನೆ.

ನಿನಗೆ ಒಂದು ಸಂಗತಿ ಹೇಳಿರಲಿಲ್ಲ. ಬಹಳ ಹಿಂದೆ ಬಸ್ಸಿನ ಸೀಟಿನಡಿ ಒಂದು ಫೋಟೋ ಆಲ್ಬಮ್ ಸಿಕ್ಕಿತ್ತು. ಒಬ್ಬ ಹೆಂಗಸು ಕೇಳಿಕೊಂಡು ಬಂದಳು, ಗುರುತೆಲ್ಲ ಸರಿಯಾಗಿ ಹೇಳಿದಳು. ನಾನು ಎದುರಿಗೆ ಇಟ್ಟೆ. ಅವಳು ಮೊದಲ ಪುಟ ತಿರುಗಿಸಿ, ಮುಚ್ಚಿ, "ಇದು ನನ್ನದಲ್ಲ" ಅಂದಳು. ಪುಟ ತಿರುಗುವಾಗ ನನ್ನ ಕಣ್ಣಿಗೂ ಬಿದ್ದಿತ್ತು, ಮದುವೆಯ ಉಡುಪಿನಲ್ಲಿ ನಿಂತಿದ್ದವಳು ಅವಳೇ. ವಾರಸುದಾರರಿಲ್ಲ ಎಂದು ಚೀಟಿ ಕಟ್ಟಿ ಮೇಲಿನ ಹಲಗೆಗೆ ಇಟ್ಟೆ. ಯಾರಿಗೋ ಅಷ್ಟು ಮಾಡಿದವಳು ಸ್ವಂತ ತಂಗಿಗೆ ಮಾಡಲಾರೆನೇ?

ಆದ್ದರಿಂದ ಕೇಳು. ಪಾಸ್‌ವರ್ಡ್ ನನ್ನ ಬಳಿ ಇದೆ, ಬಾಗಿಲು ತೆರೆದಿಲ್ಲ. ಗುಬ್ಬಿಯ ಕೌಂಟರಿನ ಹೊಸ ಕಂಪ್ಯೂಟರಿನಲ್ಲಿ ಟೈಪ್ ಮಾಡಿದರೆ ಮುಗಿಯಿತು, ತಂತಿಯಣ್ಣ ಎಲ್ಲವನ್ನೂ ಒಂದು ಪುಟ್ಟ ಡ್ರೈವಿಗೆ ಇಳಿಸಿಕೊಡುತ್ತಾನೆ. ಇಳಿಸಿದ ಮೇಲೆ ಡಾಕ್ಟರಮ್ಮನಿಗೆ ಕೊಡುವುದೋ, ಪೆಟ್ಟಿಗೆಯ ತಳದಲ್ಲಿ ಹಾಕುವುದೋ ನಿನ್ನಿಷ್ಟ.

ನಿನಗೆ ಇಳಿಸುವುದೇ ಬೇಡವಾದರೆ ತಿಂಗಳ ಕೊನೆಗೆ ಅದು ತಾನಾಗಿ ಹೋಗುತ್ತದೆ, ನಾನು ಮತ್ತೆ ಆ ಮಾತು ಎತ್ತುವುದಿಲ್ಲ. ಕಾಗದ ಬರೆಯಲು ಈಗ ಸಮಯವಿಲ್ಲ. ಫೋನಿಗೆ ನಿನ್ನ ಎರಡು ಪದ ಕಳಿಸು ಸಾಕು, "ಸರಿ ಅಕ್ಕ" ಅಥವಾ "ಬೇಡ ಅಕ್ಕ". ಯಾವುದು ಬಂದರೂ ನೀನು ನನ್ನ ಪಟಾಕಿಯೇ. "ಮಾತು ಬೆಳ್ಳಿ, ಮೌನ ಬಂಗಾರ" ಅಂತ ನಿನಗೆ ಸಮಾಧಾನ ಹೇಳಲು ಬರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಾನಂತೂ ಹಾಗೆ ಹೇಳುವುದಿಲ್ಲ. ನಿನಗೆ ಆದದ್ದು ಅನ್ಯಾಯ.

ನೂರು ಕಾಲ ಬಾಳು. ನಾಯಿಮರಿ ತಂದಿದ್ದರೆ ಅದಕ್ಕೂ ನನ್ನ ಆಶೀರ್ವಾದ. ಮೇಷ್ಟ್ರಿಗೆ ಅವರ ಚಪ್ಪಲಿ ಸಿಗಲಿ.

ನಿನ್ನ ಅಕ್ಕ

ಮತ್ತೆ: ಕವರ್ ಅಂಟಿಸಿದ್ದೆ, ಬಿಚ್ಚಿದ್ದೇನೆ.

ಹೋದ ತಿಂಗಳು ತರಕಾರಿ ತರಲು ಹೋದಾಗ ಹಿಂದಿನಿಂದ ಯಾರೋ "ಅಕ್ಕಾ" ಎಂದು ಕರೆದರು. ಕರೆದದ್ದು ನನ್ನನ್ನಲ್ಲ. ಆದರೂ ತಿರುಗಿದೆ. ನಮ್ಮ ಪಟಾಕಿ ಹೀಗೆ ಕರೆಯುತ್ತಿರಲಿಲ್ಲ ಅನ್ನಿಸಿತು. ಹಾಗಾದರೆ ಹೇಗೆ ಕರೆಯುತ್ತಿದ್ದಳು ಎಂದು ನೆನೆಸಿಕೊಳ್ಳಲು ಹೋದರೆ ಬರಲಿಲ್ಲ. ಮನೆಗೆ ಬಂದು ಕಣ್ಣು ಮುಚ್ಚಿ ಕೂತೆ, ಬರಲಿಲ್ಲ. ನೀನು ಆಡಿದ ಮಾತೆಲ್ಲ ಅಕ್ಷರ ಬಿಡದೆ ನೆನಪಿದೆ, ಜಗಳವೂ ಹಾಸ್ಯವೂ. ಎಲ್ಲವೂ ನನ್ನ ದನಿಯಲ್ಲಿ ಕೇಳಿಸುತ್ತವೆ. ನಿನ್ನ ಕಾಗದ ಓದುವಾಗ ಕೂಡ ನನ್ನ ದನಿಯೇ. ಅಷ್ಟು ವರ್ಷ ದಿನವಿಡೀ ತಲೆಯ ಮೇಲೆ ಕೂಗುತ್ತಿದ್ದೆಯಲ್ಲ, ಎಲ್ಲಿಗೆ ಹೋಗುತ್ತದೆ ಅಂದುಕೊಂಡು ಯಾರೂ ಹಿಡಿದಿಡಲಿಲ್ಲ, ನಾನೂ ಇಡಲಿಲ್ಲ. ಕಳೆದ ಬೇಸಿಗೆಯಲ್ಲಿ ಸ್ಪೀಕರಿನಿಂದ ನೀನು ನಿಂತುಹೋದ ಮೇಲೆ ಸ್ವಲ್ಪಸ್ವಲ್ಪವಾಗಿ ಹೋಗಿರಬೇಕು. ನನಗೆ ಗೊತ್ತೇ ಆಗಲಿಲ್ಲ ಕಣೇ.

ಡಾಕ್ಟರಮ್ಮ ಹೇಳಿದ್ದು ನಿಜ, ಯಂತ್ರವೂ ನಿಜ. ಆದರೆ ನಾನು ಹುಡುಕಿದ್ದು ನಿನಗೋಸ್ಕರವಲ್ಲ.

ಅದನ್ನು ನೀನು ಕೇಳಬೇಕಾಗಿಲ್ಲ. ಯಾರಿಗೂ ಕೊಡುವುದೂ ಬೇಡ. ಆ ರೆಕಾರ್ಡಿಂಗಿನ ನಡುವೆ ಎಲ್ಲಾದರೂ ಒಂದು ಸಲ ನನ್ನನ್ನು ಕರೆದಿರುತ್ತೀಯೆ. ಅಷ್ಟನ್ನು ಮಾತ್ರ ಕೇಳಿ ಮುಚ್ಚಿಬಿಡುತ್ತೇನೆ. ಕೇಳಲು ಬಿಡುತ್ತೀಯಾ?